ನಷ್ಟವಾಗುವುದಾದರೂ ಕೊಟ್ಟ ಮಾತು ನಡೆಸಬೇಕೇ?

ಸಭೆಯಲ್ಲಿ ಸತ್ಯವೇದದ ತರಗತಿ ನಡೆಸುವ ನನಗೆ ಉಡುಪಿ, ಮಂಗಳೂರು ಕಡೆಯ ವಿಶ್ವಾಸಿಗಳು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ರೂಪ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ಜಾಗವನ್ನು ಇಂತಿಷ್ಟು ಬೆಲೆಗೆ ಕೊಡುತ್ತೇನೆಂದು ನೆರೆಯವರಿಗೆ ಬಾಯಿಮಾತಿನಲ್ಲಿ ಹೇಳಿಯಾಗಿದೆ. ಮುಂಗಡ ಪಡೆದಿಲ್ಲ, ಕರಾರುಪತ್ರ ಬರೆದಿಲ್ಲ. ಅಷ್ಟರಲ್ಲಿ ರಸ್ತೆ ಅಗಲವಾಗುತ್ತದೆಂಬ ಸುದ್ದಿ ಹಬ್ಬಿ, ಮತ್ತೊಬ್ಬರು ಸೆಂಟ್ಸಿಗೆ ಬಹಳ ಹೆಚ್ಚು ಕೊಡಲು ಮುಂದೆ ಬಂದಿದ್ದಾರೆ. ಈಗಲೂ ಮೊದಲಿನ ಮಾತಿಗೆ ಕಟ್ಟುಬಿದ್ದಿರಬೇಕೇ?

ಕಟ್ಟುಬಿದ್ದಿರಬೇಕು ಎಂಬುದೇ ನನ್ನ ಉತ್ತರ. ದೇವರ ಪರಿಶುದ್ಧ ಪರ್ವತದಲ್ಲಿ ವಾಸಿಸತಕ್ಕವನು ಯಾರು ಎಂದು ಕೇಳುವ 15ನೆಯ ಕೀರ್ತನೆ, ಉತ್ತರವಾಗಿ ಬಲಿಯನ್ನಾಗಲಿ ಉಪವಾಸವನ್ನಾಗಲಿ ಹೆಸರಿಸುವುದಿಲ್ಲ. ಚಾಡಿ ಹೇಳದವನು, ಲಂಚ ತೆಗೆದುಕೊಳ್ಳದವನು, ಹಣವನ್ನು ಬಡ್ಡಿಗೆ ಕೊಡದವನು ಎನ್ನುವ ಸಾಲಿನಲ್ಲಿಯೇ ತನಗೆ ನಷ್ಟವಾದರೂ ಆಡಿದ ಪ್ರಮಾಣವನ್ನು ಬದಲಿಸದವನನ್ನೂ ನಿಲ್ಲಿಸುತ್ತದೆ. ಯೆಹೋಶುವನ ಪುಸ್ತಕದ 9ನೆಯ ಅಧ್ಯಾಯ ಇನ್ನೂ ಕಠಿಣ. ಇಸ್ರಾಯೇಲ್ಯರ ದಾಳಿಗೆ ಹೆದರಿದ ಹತ್ತಿರದ ಊರಾದ ಗಿಬ್ಯೋನಿನವರು ಹರಕು ಚಪ್ಪಲಿ ಮೆಟ್ಟಿ, ಬೂಷ್ಟು ಹಿಡಿದ ರೊಟ್ಟಿ ಹೊತ್ತು, ದೂರದೇಶದವರೆಂದು ಸುಳ್ಳು ಹೇಳಿ ಒಡಂಬಡಿಕೆ ಮಾಡಿಸಿಕೊಂಡರು. ಮೂರು ದಿನಗಳಲ್ಲಿ ಮೋಸ ಬಯಲಾದರೂ ಇಸ್ರಾಯೇಲಿನ ಮುಖಂಡರು, ದೇವರ ಹೆಸರಿನಲ್ಲಿ ಮಾತು ಕೊಟ್ಟಿದ್ದೇವೆಂದು ಅವರ ಮೈಮುಟ್ಟಲಿಲ್ಲ. ಎಷ್ಟೋ ತಲೆಮಾರುಗಳ ನಂತರ ಅರಸ ಸೌಲನು ಆ ಮಾತನ್ನು ಮುರಿದದ್ದಕ್ಕೆ ದಾವೀದನ ಕಾಲದಲ್ಲಿ ಮೂರು ವರ್ಷ ಬರ ಬಂದಿತೆಂದು ಸಮುವೇಲನ ಎರಡನೆಯ ಪುಸ್ತಕ ಹೇಳುತ್ತದೆ. ಮೋಸ ಹೋಗಿ ಕೊಟ್ಟ ಮಾತಿಗೇ ಇಷ್ಟು ಬೆಲೆಯಿರುವಾಗ, ಸರಿಯಾಗಿ ಲೆಕ್ಕ ಹಾಕಿಯೇ ಆಡಿದ ಮಾತು ಪೇಟೆಯ ದರ ಏರಿತೆಂದು ಸಡಿಲವಾಗಲಾರದು.

ಆಗ ಕೆಲವರು ಒಂದು ಜಾಣ ವಾದ ಹೂಡುತ್ತಾರೆ: ಆಣೆಯಿಡಲೇಬೇಡಿ ಎಂದು ಯೇಸುಸ್ವಾಮಿಯೇ ಹೇಳಿದ್ದಾರೆ, ನಾನು ಆಣೆಯಿಟ್ಟಿಲ್ಲ, ಬರೀ ಹೇಳಿದ್ದೆ. ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯವನ್ನು ತಲೆಕೆಳಗಾಗಿ ಓದುವ ಕ್ರಮವಿದು. ಅಂದಿನ ಧರ್ಮಬೋಧಕರಲ್ಲಿ ಕೆಲವರು ದೇವಾಲಯದ ಮೇಲೆ ಇಟ್ಟ ಆಣೆ ನಡೆಸಬೇಕಾಗಿಲ್ಲ, ದೇವಾಲಯದ ಚಿನ್ನದ ಮೇಲೆ ಇಟ್ಟರೆ ಮಾತ್ರ ನಡೆಸಬೇಕು ಎಂದು ಕಲಿಸುತ್ತಿದ್ದರೆಂಬುದು ಅದೇ ಸುವಾರ್ತೆಯ 23ನೆಯ ಅಧ್ಯಾಯದಿಂದ ತಿಳಿಯುತ್ತದೆ. ಈ ಮೆಟ್ಟಿಲುಗಳನ್ನೇ ಯೇಸು ಕಿತ್ತುಹಾಕಿದ್ದು. ಹೌದು ಎಂದರೆ ಹೌದೇ ಆಗಿರಬೇಕು, ಇಲ್ಲ ಎಂದರೆ ಇಲ್ಲವೇ ಆಗಿರಬೇಕು. ನಮ್ಮಲ್ಲಿಯೂ ಮೆಟ್ಟಿಲುಗಳಿಗೆ ಕೊರತೆಯಿಲ್ಲ: ಬರೀ ಮಾತು ಕೆಳಗೆ, ಮಕ್ಕಳಾಣೆ ಅದಕ್ಕಿಂತ ಮೇಲೆ, ಛಾಪಾಕಾಗದ ಎಲ್ಲಕ್ಕಿಂತ ಮೇಲೆ. (ನ್ಯಾಯಾಲಯದ ಸಾಕ್ಷಿಯ ಬಗ್ಗೆ ಕೇಳುವವರಿಗೆ ಒಂದು ಮಾತು: 1969ರ ಪ್ರಮಾಣ ಕಾಯ್ದೆಯಂತೆ ಆಣೆಯ ಬದಲು ದೃಢೀಕರಣದ ಮಾತಿನಲ್ಲಿಯೇ ಸಾಕ್ಷ್ಯ ನುಡಿಯಲು ಅವಕಾಶವಿದೆ.)

‘ಮಾತು ಬಿಡ ಮಂಜುನಾಥ’ ಎಂಬ ನುಡಿ ಎಲ್ಲರ ಬಾಯಲ್ಲಿರುವ, ಕಾರ್ಕಳ ಬಳಿಯ ಅತ್ತೂರಿನ ಸಂತ ಲಾರೆನ್ಸರ ಬಸಿಲಿಕಕ್ಕೆ ಜನವರಿಯ ಹಬ್ಬದಲ್ಲಿ ಎಲ್ಲ ಧರ್ಮದವರೂ ಹರಕೆ ಒಪ್ಪಿಸಲು ಬರುವ ಈ ಸೀಮೆಯಲ್ಲಿ, ದೇವರಿಗೆ ಆಡಿದ ಮಾತಿನ ಬಿಗಿಯನ್ನು ಯಾರಿಗೂ ಕಲಿಸಬೇಕಾಗಿಲ್ಲ. ಹೊತ್ತ ಹರಕೆ ತೀರುವವರೆಗೆ ಸಮಾಧಾನವಿಲ್ಲದ ಮನುಷ್ಯ, ಬಾಡಿಗೆ ಮನೆಯ ಮುಂಗಡವನ್ನು ಹೇಳಿದ ದಿನ ಹಿಂದಿರುಗಿಸದೆ ನೆಮ್ಮದಿಯಾಗಿ ಉಣ್ಣುತ್ತಾನೆ. ನನಗೆ ಒಗಟಾಗಿ ಕಾಣುವುದು ಅದು. ಇದೇ ಉಡುಪಿಯಲ್ಲಿ 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಠೇವಣಿಯನ್ನು ಆರಂಭಿಸಿದಾಗ, ಬಡವರು ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿಯೇ ಏಜೆಂಟರ ಕೈಗೆ ಹಣ ಕೊಡುತ್ತಿದ್ದರು. ನಾಳೆಯೂ ಬರುತ್ತೇನೆ ಎಂದವನು ನಾಳೆಯೂ ಬರುತ್ತಾನೆಂಬ ನಂಬಿಕೆಯಿಲ್ಲದಿದ್ದರೆ ಆ ಯೋಜನೆ ಒಂದು ತಿಂಗಳೂ ನಡೆಯುತ್ತಿರಲಿಲ್ಲ.

ಹಾಗೆಂದು ಆಡಿದ್ದನ್ನೆಲ್ಲ ಮಾಡಿ ತೀರಬೇಕೆಂದು ಸತ್ಯವೇದ ಹೇಳುತ್ತದೆಯೇ? ಇಲ್ಲ. ಹೆರೋದನು ಮಾತಿಗೆ ತಪ್ಪಲಿಲ್ಲ. ಅತಿಥಿಗಳೆದುರು ಇಟ್ಟ ಆಣೆಗೆ ಕಟ್ಟುಬಿದ್ದು ಸ್ನಾನಿಕ ಯೋಹಾನನ ತಲೆಯನ್ನು ಹರಿವಾಣದಲ್ಲಿ ತರಿಸಿದನು. ಯುದ್ಧದಲ್ಲಿ ಗೆದ್ದು ಬಂದಾಗ ಮನೆಯಿಂದ ಎದುರುಗೊಳ್ಳಲು ಬರುವುದನ್ನು ಬಲಿಕೊಡುತ್ತೇನೆಂದ ಯೆಫ್ತಾಹನ ಹರಕೆ ಅವನ ಒಬ್ಬಳೇ ಮಗಳ ಪಾಲಿಗೆ ಏನಾಯಿತೆಂಬುದೂ ಗೊತ್ತಿರುವುದೇ. ದುಡುಕಿ ಆಣೆಯಿಟ್ಟವನು ಅದು ತಿಳಿದುಬಂದಾಗ ಪಾಪವನ್ನು ಅರಿಕೆಮಾಡಬೇಕೆಂದು ಯಾಜಕಕಾಂಡದ 5ನೆಯ ಅಧ್ಯಾಯ ವಿಧಿಸುತ್ತದೆ. ನಾನು ನೋಡುವುದು ನಷ್ಟ ಯಾರ ತಲೆಗೆ ಬರುತ್ತದೆ ಎಂಬುದನ್ನು. ಕೀರ್ತನೆ ಮೆಚ್ಚುವುದು ತನ್ನ ನಷ್ಟವನ್ನು ತಾನೇ ಹೊರುವವನನ್ನು; ತನ್ನ ಮಾತಿನ ಮರ್ಯಾದೆಗಾಗಿ ಇನ್ನೊಬ್ಬರ ಕತ್ತು ಕೊಡುವವನನ್ನಲ್ಲ.

ಇವೆರಡರ ನಡುವೆ ಬೀಳುವ ಸಂಗತಿಗಳೂ ಇವೆ, ಮತ್ತು ನಮ್ಮಲ್ಲಿ ಅವುಗಳಲ್ಲಿ ಮುಖ್ಯವಾದದ್ದು ಜಾಮೀನು. ಸಹಕಾರಿ ಸಂಘದ ಸಾಲಕ್ಕೆ ಸಂಬಂಧಿಕರೆಂಬ ದಾಕ್ಷಿಣ್ಯದಿಂದ ರುಜು ಹಾಕಿ, ಆಮೇಲೆ ನಿದ್ದೆಗೆಟ್ಟವರು ಎಷ್ಟೋ ಮಂದಿ. ಜ್ಞಾನೋಕ್ತಿಗಳ 6ನೆಯ ಅಧ್ಯಾಯ ಇಂಥವರಿಗೆ ಓಡಿಹೋಗಲು ಹೇಳುವುದಿಲ್ಲ, ಸುಮ್ಮನೆ ಮುಳುಗಲೂ ಹೇಳುವುದಿಲ್ಲ. ಕಣ್ಣಿಗೆ ನಿದ್ದೆ ಕೊಡದೆ ಹೋಗಿ, ತಗ್ಗಿಕೊಂಡು, ಬಿಡಿಸಿಕೊಳ್ಳುವವರೆಗೆ ಬೇಡಿಕೋ ಎನ್ನುತ್ತದೆ. ಮಾತಿನಿಂದ ಬಿಡುಗಡೆ ಕೊಡುವ ಅಧಿಕಾರ ಆ ಮಾತನ್ನು ಪಡೆದವರಿಗೆ ಮಾತ್ರ ಇದೆ ಎಂಬ ತಿಳಿವಳಿಕೆ ಇದರ ಹಿಂದಿದೆ. ಜಾಗ ಮಾರುವವರೂ ನೆರೆಯವರ ಮನೆಗೆ ಹೋಗಿ ಇದ್ದ ವಿಷಯವನ್ನೆಲ್ಲ ಹೇಳಿ ಕೇಳಬಹುದು. ಅವರು ಒಪ್ಪದಿದ್ದರೆ ಹಳೆಯ ಬೆಲೆಗೇ ನೋಂದಣಿ ಮಾಡಿಕೊಡಬೇಕು. ದಲ್ಲಾಳಿಯ ಮೂಲಕ ಹೇಳಿಕಳುಹಿಸುವುದು, ಫೋನ್ ಎತ್ತದಿರುವುದು, ಹೆಂಡತಿ ಒಪ್ಪುತ್ತಿಲ್ಲ ಎನ್ನುವುದು ಬಿಡುಗಡೆ ಕೇಳುವ ಕ್ರಮಗಳಲ್ಲ.

ಅಪೊಸ್ತಲ ಪೌಲನೂ ಕೊರಿಂಥದ ಸಭೆಗೆ ಬರುವ ಯೋಜನೆಯನ್ನು ಬದಲಿಸಿ, ಹೌದು ಎಂದು ಇಲ್ಲ ಎನ್ನುವವನೆಂಬ ಆಕ್ಷೇಪಕ್ಕೆ ಗುರಿಯಾದವನೇ. ಅವನು ಆ ಆಕ್ಷೇಪವನ್ನು ಕಡೆಗಣಿಸದೆ, ಯಾಕೆ ಬರಲಿಲ್ಲವೆಂದು ಪತ್ರದಲ್ಲಿ ಬರೆದು ತಿಳಿಸಿದನು. ನಮ್ಮ ಸಭೆಗಳಲ್ಲಿ ಇದಕ್ಕೆ ಬದಲಾಗಿ ಬೆಳೆದಿರುವ ರೂಢಿಯೆಂದರೆ ‘ಪ್ರಾರ್ಥಿಸಿ ಹೇಳುತ್ತೇನೆ’, ‘ದೇವರ ಚಿತ್ತವಾದರೆ ಬರುತ್ತೇನೆ’ ಎನ್ನುವುದು. ಯಾಕೋಬನ ಪತ್ರಿಕೆ ನಾಳಿನ ದಿನ ನಮ್ಮ ಕೈಯಲ್ಲಿಲ್ಲವೆಂದು ನೆನಪಿಸಲು ಕಲಿಸಿದ ಮಾತನ್ನು, ಇಲ್ಲ ಎನ್ನಲು ಧೈರ್ಯವಿಲ್ಲದವರು ಮರೆಯಾಗಿ ಬಳಸುತ್ತಾರೆ. ಭಾನುವಾರ ಶಾಲೆಗೆ ಶಿಕ್ಷಕರು ಬರುವರೆಂದು ಕಾದ ಮಕ್ಕಳು ಜೂನ್ ಕಳೆದು ಜುಲೈಯಲ್ಲಿಯೂ ಕಾಯುತ್ತಾರೆ. ಬರಲಾಗುವುದಿಲ್ಲವೆಂದು ಮೇ ತಿಂಗಳಲ್ಲಿಯೇ ಹೇಳಿದ್ದರೆ ಬೇರೆಯವರನ್ನು ಕೇಳಲು ಸಭೆಗೆ ಸಮಯವಿರುತ್ತಿತ್ತು.