ಸ್ವಂತ ಬೇಲಿ ಕಿತ್ತವನ ಊರಿನಲ್ಲಿ

ಲಂಡನ್ನಿನ ನಾಲ್ಕು ದಿನಗಳ ಬಗ್ಗೆ ನಾನೇನೂ ಬರೆಯುವುದಿಲ್ಲ. ನೋಡಿದ್ದು ಚೆನ್ನಾಗಿತ್ತು, ಅಷ್ಟೇ. ಬರೆಯಬೇಕು ಅನ್ನಿಸಿದ್ದು ಇಂಗ್ಲೆಂಡಿನ ಪೂರ್ವಕ್ಕಿರುವ ನಾರ್ವಿಚ್ ಊರಿನ ಕೋಟೆಯ ಗೋಡೆ ಮೇಲಿನ ಒಂದು ಫಲಕದಿಂದ.

ಮಗಳು ಕೆಲಸದ ಮೇಲೆ ನಾರ್ವಿಚ್‌ಗೆ ಹೊರಟಿದ್ದಳು, ಜೊತೆಗೆ ನಾನೂ ಹೋದೆ. ಕೋಟೆ ಬಾಗಿಲ ಹತ್ತಿರ ನಿಂತು ಅವಳೇ ಫಲಕ ಓದಿದಳು. ವಿಂಡಮ್ಮಿನ ರೈತ ರಾಬರ್ಟ್ ಕೆಟ್ ಎಂಬವನನ್ನು 1549ರಲ್ಲಿ ಈ ಕೋಟೆಯಲ್ಲಿ ನೇಣಿಗೆ ಹಾಕಿದರು. ಅವನು ನಡೆಸಿದ ದಂಗೆ ಸೋತಿತ್ತು. ಸರಿಯಾಗಿ ನಾನೂರು ವರ್ಷ ಆದಮೇಲೆ, 1949ರಲ್ಲಿ, ಅದೇ ಊರಿನ ಜನ ತಪ್ಪೊಪ್ಪಿಕೊಂಡು, ಗೌರವದಿಂದ ಈ ಫಲಕ ಹಾಕಿಸಿದರು. ರಾಜದ್ರೋಹಿ ಅಂತ ಕೊಂದವನಿಗೆ ಕೊಂದ ಗೋಡೆಯ ಮೇಲೇ ಗೌರವ! ನನಗೆ ಗಂಟಲು ಕಟ್ಟಿತು. ಒಳಗಿನ ಮ್ಯೂಸಿಯಮ್ ನೋಡುವ ಮನಸ್ಸೇ ಬರಲಿಲ್ಲ. ಮರುದಿನ ಭಾನುವಾರ, ಇವನ ಊರಿಗೇ ಹೋಗಿ ಬರೋಣ ಅಂದೆ.

ಊರಿನ ಹೆಸರು ಬೋರ್ಡಿನಲ್ಲಿ ವೈಮಂಡ್‌ಹ್ಯಾಮ್ ಅನ್ನುವಂತೆ ಕಾಣುತ್ತದೆ. ಹಾಗೆ ಕೇಳಿದರೆ ಯಾರಿಗೂ ತಿಳಿಯುವುದಿಲ್ಲ, ವಿಂಡಮ್ ಅನ್ನಬೇಕು. ನಾರ್ವಿಚ್‌ನಿಂದ ರೈಲಿನಲ್ಲಿ ಸ್ವಲ್ಪವೇ ಹೊತ್ತು. ಪುಟ್ಟ ಊರು. ಅದರ ಹಳೇ ಚರ್ಚಿಗೆ ಎರಡು ಗೋಪುರ, ಒಂದು ಪಾಳು ಬಿದ್ದದ್ದು. ಲಂಡನ್ನಿನ ದೊಡ್ಡ ದೊಡ್ಡ ಚರ್ಚುಗಳಿಗಿಂತ ನನಗೆ ಇದೇ ಹಿಡಿಸಿತು. ಒಳಗೆ ತಣ್ಣಗೆ, ಸದ್ದಿಲ್ಲದೆ ಇತ್ತು. ಒಂದು ಬೆಂಚಿನ ಮೇಲೆ ಕೂತೆವು. ಮಗಳು ರಾತ್ರಿಯೆಲ್ಲ ಓದಿದ್ದನ್ನು ಹೇಳುತ್ತಾ ಹೋದಳು.

ಆಗ ಉಣ್ಣೆಗೆ ಒಳ್ಳೆ ಬೆಲೆ. ದೊಡ್ಡ ಜಮೀನುದಾರರು ಊರವರೆಲ್ಲ ದನ ಮೇಯಿಸುತ್ತಿದ್ದ ಜಾಗಕ್ಕೆ ಬೇಲಿ ಹಾಕಿಕೊಂಡರು. ಬೇಲಿ ಇಲ್ಲದ ಕಡೆ ತಮ್ಮ ಕುರಿ ನುಗ್ಗಿಸಿ ಮೇವು ಖಾಲಿ ಮಾಡಿದರು. ನಮ್ಮ ಕಡೆ ಗೋಮಾಳ ಅಂತೀವಲ್ಲ, ಅದೇ. ಎಂಟನೇ ಹೆನ್ರಿ ನಾಣ್ಯದಲ್ಲಿ ಬೆಳ್ಳಿ ಕಡಿಮೆ ಮಾಡಿ ಹೋಗಿದ್ದ, ಅದರ ಜೊತೆಗೆ ಎಲ್ಲದರ ಬೆಲೆಯೂ ಏರಿತ್ತು. ಗೇಣಿಯೂ ಜಾಸ್ತಿ. ಸಿಂಹಾಸನದ ಮೇಲೆ ಇದ್ದದ್ದು ಹನ್ನೊಂದು ವರ್ಷದ ಹುಡುಗ, ಆರನೇ ಎಡ್ವರ್ಡ್.

1549ರ ಜುಲೈನಲ್ಲಿ ವಿಂಡಮ್ಮಿನಲ್ಲಿ ಜಾತ್ರೆ. ಸೇರಿದ ಜನ ಹಾಗೇ ಬೇಲಿ ಕೀಳಲು ಹೊರಟರು. ಪಕ್ಕದ ಊರಿನ ಜಾನ್ ಫ್ಲವರ್‌ಡ್ಯೂ ಎಂಬ ವಕೀಲನ ಬೇಲಿಗೂ ಬಂದರು. ಈ ಚರ್ಚಿನ ಕಲ್ಲು, ಸೀಸವನ್ನು ಆ ವಕೀಲ ಕಿತ್ತು ಮಾರಿದ್ದಕ್ಕೆ ಅವನಿಗೂ ಕೆಟ್‌ಗೂ ಹಳೇ ಜಗಳ. ಅವನು ಗುಂಪಿನ ಕೈಗೆ 40 ಪೆನ್ಸ್ ಕೊಟ್ಟು, ಕೆಟ್‌ನ ಬೇಲಿ ಕೀಳಿ ಅಂತ ಕಳಿಸಿದ.

"ಕೆಟ್ ಏನ್ ಮಾಡ್ದ ಗೊತ್ತಾ ಅಪ್ಪಾ? ಅವರ ಮಾತು ಕೇಳಿ, ನೀವು ಹೇಳೋದು ಸರಿ ಅಂತ ತನ್ನ ಬೇಲಿಯನ್ನ ತಾನೇ ಕಿತ್ತ."

"ಹೆದರಿಕೆಗೆ ಕಿತ್ತಿರಬಹುದು ಕಣಮ್ಮ."

"ಹೆದರಿದೋನು ಬೇಲಿ ಕಿತ್ತು ಮನೆಗೆ ಹೋಗ್ತಿದ್ದ. ಇವನು ಅವರ ಮುಂದೆ ನಡೆದ."

"ವಯಸ್ಸೆಷ್ಟು ಆಗ?"

"ಐವತ್ತೇಳರ ಹತ್ತಿರ. ಜಮೀನಿತ್ತು, ಚರ್ಮ ಹದ ಮಾಡೋ ಕಸುಬಿತ್ತು. ಊರಲ್ಲಿ ಅನುಕೂಲಸ್ಥ."

ನನಗೂ ಹೆಚ್ಚುಕಮ್ಮಿ ಅದೇ ವಯಸ್ಸು. ನನ್ನ ಸೈಟಿನ ಕಾಂಪೌಂಡು ನೆನಪಾಯಿತು, ಅದನ್ನು ನಾನು ಒಡೆಯುತ್ತಿದ್ದೆನಾ? ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಅವನು ಜನ ಸೇರಿಸಿದ್ದು ಎನ್ನುವ ಓಕ್ ಮರ ಹೆದರ್ಸೆಟ್ ರಸ್ತೆಯಲ್ಲಿ ಈಗಲೂ ಇದೆ. ಬಸ್ಸಿನಲ್ಲಿ ಹೋಗುವುದಾದರೆ ಭಾನುವಾರ ಮಾತ್ರ ಬೇಡ. ಇಳಿಸಿ ಅಂತ ಡ್ರೈವರ್‌ಗೆ ಎರಡು ಸಲ ಹೇಳಿದ್ದೆವು. ಆತ ಮರೆತು ಮುಂದಿನ ಊರಲ್ಲಿ ಇಳಿಸಿದ. ವಾಪಸ್ ಬಸ್ಸಿಗೆ ಇನ್ನೂ ಒಂದು ಗಂಟೆ, ಮೇಲೆ ಮಳೆ. ನಡೆದೇ ಬಂದೆವು, ನನ್ನ ಬೂಟಿನೊಳಗೆ ನೀರು. ಕಿಟಕಿ ಪಕ್ಕ ಕೂತು ಫೋನಿನ ಮ್ಯಾಪ್ ನೋಡಿಕೊಂಡು ನೀವೇ ಬೆಲ್ ಒತ್ತಿ. ಮರ ಮುಪ್ಪಾಗಿದೆ, ಕಬ್ಬಿಣದ ಪಟ್ಟಿ ಬಿಗಿದು ಆಸರೆ ಕೊಟ್ಟಿದ್ದಾರೆ. ತೊಗಟೆ ಮೇಲೆ ಕೈ ಇಟ್ಟೆ, ಒದ್ದೆಯಾಗಿ ಒರಟಾಗಿತ್ತು. ಎಲೆ ಮಾತ್ರ ಹಸಿ ಹಸಿರು.

ಸಂಜೆ ನಾರ್ವಿಚ್‌ಗೆ ಬಂದು ಕೆಟ್ಸ್ ಹೈಟ್ಸ್ ಎಂಬ ಗುಡ್ಡ ಹತ್ತಿದೆವು. ಕೆಳಗೆ ಹೊಳೆ, ಬಿಷಪ್ ಸೇತುವೆ, ಆಚೆ ಊರೆಲ್ಲ ಕಾಣುತ್ತದೆ. ಈ ಗುಡ್ಡದ ಮೇಲೆ ಸುಮಾರು 16,000 ಜನ ಆರು ವಾರ ಬಿಡಾರ ಹೂಡಿದ್ದರು. ಮರದ ಕೆಳಗೆ ಕೂತು ನ್ಯಾಯ ಹೇಳುತ್ತಿದ್ದರು. ರಾಜನಿಗೆ 29 ಬೇಡಿಕೆ ಬರೆದು ಕಳಿಸಿದರು. ಹೊಳೆಗಳು ಎಲ್ಲರಿಗೂ ಸೇರಲಿ. ಜೀತದವರೆಲ್ಲ ಬಿಡುಗಡೆಯಾಗಲಿ, ದೇವರು ತನ್ನ ರಕ್ತ ಸುರಿಸಿ ಎಲ್ಲರನ್ನೂ ಬಿಡಿಸಿದ್ದಾನೆ. ಇನ್ನು ಯಾರೂ ಬೇಲಿ ಹಾಕಬಾರದು, ಆದರೆ ಈಗಾಗಲೇ ಕೇಸರಿ ಬೆಳೆಗೆ ಹಾಕಿದ ಬೇಲಿ ಇರಲಿ, ಅದಕ್ಕೆ ಅವರು ತುಂಬಾ ಖರ್ಚು ಮಾಡಿದ್ದಾರೆ! ಸಿಟ್ಟಿನಲ್ಲೂ ಇನ್ನೊಬ್ಬ ರೈತನ ಖರ್ಚನ್ನು ನೆನೆದವರು ಅವರು.

ಸೋತದ್ದು ಯಾಕೆ? ಮೊದಲ ಸಲ ಬಂದ ಸೈನ್ಯವನ್ನು ಅವರೇ ಓಡಿಸಿದ್ದರು. ನಾನು ಹೇಳುವುದು, ರಾಜ ತಮ್ಮ ಕಡೆ ಇದ್ದಾನೆ ಅಂತ ನಂಬಿ ಅಲ್ಲೇ ಕಾದರು, ಅದೇ ಮುಳುವಾಯಿತು. ನಂಬಲು ಕಾರಣವೂ ಇತ್ತು. ಹುಡುಗ ರಾಜನ ಪರವಾಗಿ ಆಳುತ್ತಿದ್ದ ಸೋಮರ್ಸೆಟ್, ಬೇಲಿಗಳ ವಿಚಾರಣೆಗೆ ಹಿಂದಿನ ವರ್ಷವೇ ಆಯೋಗ ನೇಮಿಸಿದ್ದ. ರಾಜನ ಕ್ಷಮೆ ತಂದವನಿಗೆ ಕೆಟ್, ತಪ್ಪು ಮಾಡದವರಿಗೆ ಕ್ಷಮೆ ಯಾಕೆ ಅಂದ. ಆಗಸ್ಟ್ ಕೊನೆಗೆ ಸರ್ಕಾರದ ಕಡೆಯಿಂದ ವಾರ್ವಿಕ್ ಎಂಬ ಶ್ರೀಮಂತ ದೊಡ್ಡ ಸೈನ್ಯ ತಂದ, ಜೊತೆಗೆ ಬಾಡಿಗೆಯ ಜರ್ಮನ್ ಸೈನಿಕರು. ಗುಡ್ಡಕ್ಕೆ ಊಟ ಬರುವ ದಾರಿ ಮುಚ್ಚಿತು. ಆಗಸ್ಟ್ 27ರಂದು ಗುಡ್ಡ ಬಿಟ್ಟು ಡಸ್ಸಿನ್‌ಡೇಲ್ ಬಯಲಿಗೆ ಇಳಿದರು. ಬಯಲಿನಲ್ಲಿ ಕುದುರೆ ಸೈನ್ಯದ ಎದುರು ರೈತರು ಎಷ್ಟು ಹೊತ್ತು ನಿಂತಾರು? ಸುಮಾರು 3,000 ಜನ ಸತ್ತರು ಅನ್ನುತ್ತಾರೆ.

ಇಳಿಯುವಾಗ ಮಗಳು ಫೋನಿನಲ್ಲಿ ಬೆಳಿಗ್ಗೆ ತೆಗೆದ ಫೋಟೋ ತೋರಿಸಿದಳು, ವಿಂಡಮ್ ಚರ್ಚಿನ ಪಡುವಣ ಗೋಪುರ. ಕೆಟ್‌ನ ಸೋದರ ವಿಲಿಯಂನನ್ನು ನೇತು ಹಾಕಿದ್ದು ಅಲ್ಲಿ. ಇಬ್ಬರಿಗೂ ಡಿಸೆಂಬರ್ 7, ಒಂದೇ ದಿನ.

"ಒಬ್ಬನನ್ನ ಇಲ್ಲಿ, ಇನ್ನೊಬ್ಬನನ್ನ ಅಲ್ಲಿ. ಯಾಕಪ್ಪಾ ಬೇರೆ ಬೇರೆ ಊರು?"

"ಎರಡೂ ಊರಿನೋರು ನೋಡ್ಲಿ ಅಂತ ಕಣಮ್ಮ."

ಅವಳು ಫೋನ್ ಜೇಬಿಗೆ ಹಾಕಿದಳು. ಸೇತುವೆ ದಾಟುವವರೆಗೂ ನನ್ನ ತೋಳು ಹಿಡಿದೇ ನಡೆದಳು.