ಬಣ್ಣ ಹೋಯಿತು, ಮೆಥಿಲೀನ್ ಬ್ಲೂ ಹೋಗಿರಲಿಲ್ಲ

"ಅಕ್ಕಾ, ಲೈಟ್ ಇನ್ನೂ ಹಾಕ್ಲೇ ಇಲ್ಲ. ಬಣ್ಣ ಆಗಲೇ ಅರ್ಧ ಹೋಗಿದೆಯಲ್ಲ?"

ಕ್ಯುವೆಟ್ (ದ್ರಾವಣದ ಬಣ್ಣ ಅಳೆಯುವ ಸಣ್ಣ ಪಾರದರ್ಶಕ ಪಾತ್ರೆ) ಹಿಡಿದು ಜೂನಿಯರ್ ಕೇಳಿದಾಗ ನಾನು ಸರಿಯಾಗಿ ಕಿವಿಗೊಡಲಿಲ್ಲ. "ಒಳ್ಳೆಯ ಬ್ಯಾಚ್, ಬೇಗ ಕೆಲಸ ಮಾಡ್ತಾ ಉಂಟು" ಅಂದುಬಿಟ್ಟೆ. ಆ ಮಾತಿಗೆ ಮೂರು ವಾರದ ಕೆಲಸ ಮತ್ತೆ ಮಾಡಬೇಕಾಯಿತು.

ಬೆಳಕು ಬಿದ್ದಾಗ ನೀರಿನಲ್ಲಿರುವ ಬಣ್ಣವನ್ನು ಒಡೆಯುವ ಪುಡಿ ಜಿಂಕ್ ಆಕ್ಸೈಡ್. ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ಮೇಲೆ ಅದನ್ನು ಪರೀಕ್ಷಿಸುತ್ತೇವೆ. ಕಾಸರಗೋಡಿನ ನಮ್ಮ ಲ್ಯಾಬಿನಲ್ಲಿ ಆ ಪುಡಿ ಮಾಡುವ ಕ್ರಮ ಇಷ್ಟೇ. 100 ಮಿಲಿ ನೀರಿಗೆ 2.2 ಗ್ರಾಂ ಜಿಂಕ್ ಅಸಿಟೇಟ್ ಡೈಹೈಡ್ರೇಟ್. ದ್ರಾವಣದಲ್ಲಿ ಗುಳ್ಳೆ ಎಬ್ಬಿಸಿ ಒಡೆಯುವ ಅಲ್ಟ್ರಾಸೌಂಡ್ ಪ್ರೋಬ್ ಓಡುತ್ತಿರುವಾಗಲೇ 1 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ ಕರಗಿಸಿದ 100 ಮಿಲಿ ನೀರನ್ನು ಹನಿಹನಿಯಾಗಿ ಬಿಡಬೇಕು. 20 ಕಿಲೋಹರ್ಟ್ಜ್, 13 ಮಿಮೀ ತುದಿ, ಆಂಪ್ಲಿಟ್ಯೂಡ್ 40%, 5 ಸೆಕೆಂಡ್ ಆನ್, 5 ಸೆಕೆಂಡ್ ಆಫ್. ತುದಿ 2 ಸೆಂಮೀ ಮುಳುಗಿರಬೇಕು, ಬೀಕರಿನ ತಳಕ್ಕೆ ತಾಗಬಾರದು. ದ್ರಾವಣ ತುಂಬ ಬಿಸಿಯಾದರೆ ಗುಳ್ಳೆಯೊಳಗೆ ಆವಿ ತುಂಬಿಕೊಂಡು ಅದು ಒಡೆಯುವ ರಭಸ ಕಡಿಮೆಯಾಗುತ್ತದೆ. ಅದಕ್ಕೇ ಸುತ್ತಲಿನ ನೀರು ಬದಲಿಸುತ್ತ 60 ಡಿಗ್ರಿ ದಾಟದ ಹಾಗೆ ನೋಡಿಕೊಳ್ಳುತ್ತೇವೆ. ತುದಿಯಲ್ಲಿ ಸಣ್ಣ ಗುಳಿಗಳು ಕಂಡರೆ ಪಾಲಿಶ್ ಮಾಡಿಯೇ ಮುಂದಿನ ಬ್ಯಾಚ್. ಇಲ್ಲವಾದರೆ ಟೈಟಾನಿಯಂ ಪುಡಿ ಮಾಲಿಗೆ ಸೇರುತ್ತದೆ.

ಆಮೇಲೆ ತೊಳೆಯುವ ಕೆಲಸ. ಸೆಂಟ್ರಿಫ್ಯೂಜ್, ನೀರು, ಮತ್ತೆ ಸೆಂಟ್ರಿಫ್ಯೂಜ್, ಕೊನೆಗೆ ಎಥನಾಲ್. ಬೇಜಾರಿನ ಕೆಲಸ, ಸಮಯವೂ ಹಿಡಿಯುತ್ತದೆ. ಆ ವಾರ ರಿವ್ಯೂ ಇತ್ತು, ಸ್ಲೈಡಿನಲ್ಲಿ ಬಣ್ಣ ಶೇಕಡಾ ಎಷ್ಟು ಹೋಯಿತೆಂದು ಬೇಕಿತ್ತು. ಐದು ಸಲ ತೊಳೆಯಬೇಕಾದ್ದನ್ನು ಎರಡಕ್ಕೆ ಮುಗಿಸಿ, 80 ಡಿಗ್ರಿಯಲ್ಲಿ ಒಣಗಿಸಿ, 400 ಡಿಗ್ರಿಗೆ ಕುಲುಮೆಯಲ್ಲಿ ಸುಡುವ ಕ್ಯಾಲ್ಸಿನೇಷನ್‌ಗೆ ಇಟ್ಟೆ. ತೊಳೆದ ನೀರಿನ ಪಿಎಚ್ ನೋಡಲಿಲ್ಲ.

ಟೆಸ್ಟ್ ಮಾಮೂಲಿನದೇ: ಲೀಟರಿಗೆ 5 ಮಿಗ್ರಾಂ ಮೆಥಿಲೀನ್ ಬ್ಲೂ, 100 ಮಿಲಿಗೆ 50 ಮಿಗ್ರಾಂ ಪುಡಿ, 30 ನಿಮಿಷ ಡಾರ್ಕ್ (ಬೆಳಕಿಲ್ಲದೆ ಇಡುವುದು), ಆಮೇಲೆ 365 ನ್ಯಾನೋಮೀಟರ್ ಯುವಿ ಲ್ಯಾಂಪ್. 664 ನ್ಯಾನೋಮೀಟರಿನಲ್ಲಿ, ಅಂದರೆ ಈ ಬಣ್ಣ ಬೆಳಕನ್ನು ಹೆಚ್ಚು ಹೀರುವಲ್ಲಿ, ರೀಡಿಂಗ್. 40 ನಿಮಿಷಕ್ಕೆ 92% ಬಣ್ಣ ಹೋಯಿತೆಂದು ಬಂತು. ನಾನು ಸಿ-ಸೊನ್ನೆ, ಅಂದರೆ ಲೆಕ್ಕ ಶುರುವಾಗುವ ಬಣ್ಣದ ಪ್ರಮಾಣ, ಎಂದು ಹಿಡಿದದ್ದು ಪುಡಿ ಹಾಕುವ ಮೊದಲಿನ ರೀಡಿಂಗನ್ನು, ಡಾರ್ಕ್ ಮುಗಿದ ಮೇಲಿನದನ್ನಲ್ಲ.

ರಿವ್ಯೂ ದಿನ ಬೆಳಿಗ್ಗೆ ಟ್ಯೂಬುಗಳನ್ನು ತೊಳೆಯಲು ಎತ್ತಿದೆ. ಡಾರ್ಕ್ ಸ್ಯಾಂಪಲ್ಲಿನ ಟ್ಯೂಬ್ ತಳದಲ್ಲಿ ಬಿಳಿ ಪುಡಿ ಇರಬೇಕಿತ್ತು. ಇದ್ದದ್ದು ನೀಲದಲ್ಲಿ ಅದ್ದಿ ತೆಗೆದ ಪಂಚೆಯ ಬಣ್ಣದ ಮುದ್ದೆ. 5 ಮಿಲಿ ಎಥನಾಲ್ ಹಾಕಿ ಅಲುಗಾಡಿಸಿದೆ. ಮೊದಲು ಅಂಚಿನಲ್ಲಿ ಒಂದು ನೀಲಿ ಎಳೆ ಎದ್ದಿತು, ನಂತರ ಎಥನಾಲ್ ಪೂರ್ತಿ ನೀಲಿಯಾಯಿತು. ಬಣ್ಣ ಒಡೆದಿರಲಿಲ್ಲ, ಪುಡಿಗೆ ಅಂಟಿಕೊಂಡು ಕುಳಿತಿತ್ತು. ರಿವ್ಯೂಗೆ ಅರ್ಧ ಗಂಟೆ ಬಾಕಿ. ಸ್ಲೈಡ್ ತೆಗೆದುಹಾಕಿದೆ, ಕಾರಣವನ್ನೂ ಹೇಳಿದೆ. ಕೇಳಿಸಿಕೊಂಡದ್ದೂ ಸಾಕಷ್ಟು.

ಅದೇ ಪುಡಿಯನ್ನು ನೀರಿಗೆ ಹಾಕಿ ಪಿಎಚ್ ನೋಡಿದಾಗ 10ರ ಮೇಲಿತ್ತು. ತೊಳೆದು ಹೋಗದೆ ಉಳಿದ ಕ್ಷಾರ. ಜಿಂಕ್ ಆಕ್ಸೈಡಿನ ಮೇಲ್ಮೈ ಪಿಎಚ್ 9ರ ಆಸುಪಾಸಿನವರೆಗೆ ಧನ ಆವೇಶ, ಅದನ್ನು ದಾಟಿದರೆ ಋಣ. ಮೆಥಿಲೀನ್ ಬ್ಲೂ ಧನ ಅಯಾನು, ಅಂಟದೆ ಇನ್ನೇನು ಮಾಡೀತು? ಹಾಗೆಂದು ಆಮ್ಲದ ಕಡೆಗೂ ಹೋಗುವಂತಿಲ್ಲ, ಜಿಂಕ್ ಆಕ್ಸೈಡೇ ಕರಗುತ್ತದೆ.

ಈಗ ತೊಳೆದ ನೀರು 7ಕ್ಕೆ ಬರುವ ತನಕ ಸೆಂಟ್ರಿಫ್ಯೂಜ್ ನಿಲ್ಲಿಸುವುದಿಲ್ಲ, ಎಷ್ಟು ಸಲವಾದರೂ ಸರಿ. ಡಾರ್ಕಿನಲ್ಲಿ 10 ನಿಮಿಷಕ್ಕೊಮ್ಮೆ ಸ್ಯಾಂಪಲ್, ಎರಡು ರೀಡಿಂಗ್ ಒಂದೇ ಆದ ಮೇಲೆಯೇ ಲ್ಯಾಂಪ್. ಪುಡಿ ಇಲ್ಲದೆ ಬರೀ ಲ್ಯಾಂಪಿನ ರನ್ ಒಂದು. ಕೊನೆಯ ಮುದ್ದೆಗೆ ಎಥನಾಲ್ ಹಾಕಿ ಅದರದ್ದೂ ರೀಡಿಂಗ್.

ಅಷ್ಟಾದರೂ 664ರ ಪೀಕ್ ಇಳಿದದ್ದು ಅಣು ಪೂರ್ತಿ ಒಡೆದದ್ದಕ್ಕೆ ಸಾಕ್ಷಿಯಲ್ಲ. ಪೀಕ್ ಎಡಕ್ಕೆ, ಕಡಿಮೆ ತರಂಗಾಂತರದ ಕಡೆಗೆ, ಸರಿದಿದ್ದರೆ ಮಿಥೈಲ್ ಗುಂಪುಗಳು ಮಾತ್ರ ಉದುರಿರಬಹುದು. ನೀರಿನಲ್ಲಿ ಒಟ್ಟು ಎಷ್ಟು ಸಾವಯವ ಇಂಗಾಲ ಉಳಿದಿದೆ ಎಂದು ಅಳೆಯುವ ಟಿಒಸಿ ಮಾಡಿಸಲೇಬೇಕು. ಗೇರು ತೋಟಗಳಿಗೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಸಿಕೊಂಡ ಜಿಲ್ಲೆ ಇದು. ಅದು ಮಣ್ಣಿನಲ್ಲಿ ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ, ವಿಷ ಹಾಗೇ ಉಳಿಯುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ಕ್ಯುವೆಟ್ ಎತ್ತಿ ಹಿಡಿದರೆ ಏನೂ ಕಾಣುವುದಿಲ್ಲ. ಟಿಒಸಿಗೆ ಹೊರಗೆ ಕಳಿಸಲು ದುಡ್ಡು ಕೇಳಿ ಎರಡು ಸಲ ಬರೆದಿದ್ದೇನೆ. ಈ ತಿಂಗಳು ಮೂರನೆಯದು.