ಉಂಡು ಮಲಗುವ ತನಕ

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ನಾನು ಮೊದಲು ಕೇಳಿದ್ದು ಮುಂಬಯಿಯ ಮಾಟುಂಗದಲ್ಲಿ, ಒಂದೊಂದೇ ಕೋಣೆಯ ಮನೆಗಳಿದ್ದ ನಮ್ಮ ಚಾಳಿನ ನಲ್ಲಿಯ ಹತ್ತಿರ, ನೀರಿಗಾಗಿ ಸಾಲು ನಿಂತ ಹೆಂಗಸರ ಬಾಯಲ್ಲಿ. ನನಗಾಗ ಏಳೆಂಟು ವರ್ಷ. ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ನಡೆದದ್ದು ಇಡೀ ಮಾಳಿಗೆಗೆ ಕೇಳಿಸಿತ್ತು. ಅಮ್ಮನನ್ನು ಸಮಾಧಾನಪಡಿಸಲೆಂದು ಪಕ್ಕದ ಖೋಲಿಯ ದೊಡ್ಡಮ್ಮ ಆ ಮಾತು ಹೇಳಿದರು. ಅಮ್ಮ ನಕ್ಕಳು. ನನಗೆ ಮಾತ್ರ ಗಾದೆ ಅರ್ಥವಾಗಲಿಲ್ಲ, ಏಕೆಂದರೆ ನನಗೆ ನಿದ್ದೆ ಬರುವ ಹೊತ್ತಿಗೆ ಆ ಜಗಳ ಮುಗಿದಿರಲೇ ಇಲ್ಲ.

ಅಪ್ಪ ಫೋರ್ಟ್ ಪ್ರದೇಶದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಹೋಟೆಲಿನ ಬಾಗಿಲು ಹಾಕಿ, ಲೆಕ್ಕ ಒಪ್ಪಿಸಿ, ಗಾಡಿ ಹಿಡಿದು ಮನೆ ಮುಟ್ಟುವಾಗ ರಾತ್ರಿ ಹನ್ನೊಂದು ದಾಟುತ್ತಿತ್ತು. ತಿಂಗಳ ಮೊದಲ ವಾರದ ಜಗಳಕ್ಕೆ ಬಹುಮಟ್ಟಿಗೆ ಒಂದೇ ಕಾರಣ: ಊರಿಗೆ ಎಷ್ಟು ರೂಪಾಯಿ ಮನಿಯಾರ್ಡರ್ ಮಾಡಬೇಕು, ಇಲ್ಲಿಗೆ ಎಷ್ಟು ಉಳಿಸಿಕೊಳ್ಳಬೇಕು. ಹತ್ತಡಿಗೆ ಹನ್ನೆರಡಡಿಯ ಖೋಲಿಯಲ್ಲಿ ನಾವು ಮೂವರು ಮಕ್ಕಳು ಗೋಡೆಗೆ ಮುಖ ಮಾಡಿ ಚಾಪೆಯ ಮೇಲೆ ಮಲಗಿರುತ್ತಿದ್ದೆವು. ಮಕ್ಕಳಿಗೆ ನಿದ್ದೆ ಹತ್ತಿದೆ ಎಂದು ಅವರು ನಂಬುತ್ತಿದ್ದರು. ನಿದ್ದೆ ಹತ್ತಿದವರಂತೆ ಉಸಿರಾಡುವುದನ್ನು ನಾವು ಕಲಿತುಕೊಂಡಿದ್ದೆವು. ಮಾತು ಏರುವವರೆಗೆ ಎಚ್ಚರವಾಗಿದ್ದು, ಏರಿದ ಮಾತು ಇಳಿಯುವ ಮೊದಲೇ ನಿಜವಾಗಿಯೂ ನಿದ್ದೆಗೆ ಜಾರಿಬಿಡುತ್ತಿದ್ದ ನಮ್ಮ ಪಾಲಿಗೆ ಜಗಳದ ಮೊದಲರ್ಧವಷ್ಟೇ ದಕ್ಕುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಕಾಫಿ ಕುಡಿಯುತ್ತಿದ್ದರು, ಅಮ್ಮ ನನ್ನ ಜಡೆ ಹೆಣೆಯಲು ಬಾಚಣಿಗೆ ಹಿಡಿದು ಕೂತಿರುತ್ತಿದ್ದಳು. ನಡುವೆ ಏನಾಯಿತು, ಯಾರು ಯಾರಿಗೆ ಏನು ಹೇಳಿದರು, ಅದು ಮುಗಿಯಿತೋ ಅಥವಾ ಇವತ್ತು ರಾತ್ರಿ ಮುಂದುವರಿಯಲಿದೆಯೋ ಎಂಬುದು ತಿಳಿಯದೆ ಇಬ್ಬರ ಮುಖವನ್ನೂ ಕದ್ದು ನೋಡುತ್ತ ಶಾಲೆಗೆ ಹೊರಡುತ್ತಿದ್ದೆ.

ನಮ್ಮ ಭಾಷೆಯಲ್ಲಿ ಇನ್ನೊಂದು ಗಾದೆಯೂ ಇದೆ: ‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು.’ ಈ ಎರಡೂ ಗಾದೆಗಳನ್ನು ಜನ ಬೇರೆ ಬೇರೆ ಸಂದರ್ಭಗಳಲ್ಲಿ ಬಳಸುತ್ತಾರೆ. ಒಂದು ನಗಿಸುವುದಕ್ಕೆ, ಇನ್ನೊಂದು ಗದರಿಸುವುದಕ್ಕೆ. ಮೂವತ್ತಕ್ಕೂ ಹೆಚ್ಚು ವರ್ಷ ಮುಂಬಯಿಯ ಕನ್ನಡ ಮಾಧ್ಯಮದ ಪ್ರಾಥಮಿಕ ತರಗತಿಗಳಲ್ಲಿ ಪಾಠ ಮಾಡಿದ ಮೇಲೆ ನನಗೆ ಅವೆರಡನ್ನೂ ಒಟ್ಟಿಗೆ ಓದಬೇಕು ಅನ್ನಿಸುತ್ತದೆ. ಜಗಳ ಮುಗಿಯುವುದು ದೊಡ್ಡವರು ಉಂಡು ಮಲಗಿದ ಮೇಲೆ. ಕೂಸು ಮಲಗುವುದು ಅದಕ್ಕೂ ಮೊದಲು. ಕೂಸು ಬಡವಾಗುವುದು ಆ ನಡುವಿನ ಹೊತ್ತಿನಲ್ಲಿ.

ನನ್ನ ಮೂರನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಲೆಕ್ಕದಲ್ಲಿ ಚುರುಕು, ಅಕ್ಷರ ದುಂಡಗೆ, ಆದರೆ ಯಾವ ಗೆಳೆತನವೂ ಅವನಿಗೆ ಹದಿನೈದು ದಿನಕ್ಕಿಂತ ಹೆಚ್ಚು ಬಾಳುತ್ತಿರಲಿಲ್ಲ. ಮುಂಬಯಿಯ ಮಕ್ಕಳಿಗೆ, ಮನೆಮಾತು ಯಾವುದೇ ಇರಲಿ, ‘ಕಟ್ಟಿ’ ಮತ್ತು ‘ಬಟ್ಟಿ’ ಗೊತ್ತು. ನಮ್ಮೂರ ಕಡೆ ಟೂ ಬಿಡುವುದು ಅನ್ನುತ್ತಾರಲ್ಲ, ಅದೇ ಇಲ್ಲಿ ಕಟ್ಟಿ: ಕಿರುಬೆರಳು ತೋರಿಸಿದರೆ ಮಾತು ಬಂದ್. ಮತ್ತೆ ಎರಡು ಬೆರಳು ಜೋಡಿಸಿ ಬಟ್ಟಿ ಅಂದರೆ ಹಳೆಯದೆಲ್ಲ ಮರೆತಂತೆ. ಒಂದು ಮಧ್ಯಾಹ್ನದ ಬಿಡುವಿನಲ್ಲಿಯೇ ಮಕ್ಕಳು ನಾಲ್ಕು ಸಲ ಕಟ್ಟಿ ಆಗಿ ನಾಲ್ಕು ಸಲ ಬಟ್ಟಿ ಆಗುವುದುಂಟು. ಈ ಹುಡುಗ ಕಟ್ಟಿ ಮಾಡುತ್ತಿದ್ದ, ಆದರೆ ಮರಳಿ ಬರುತ್ತಿರಲಿಲ್ಲ. ಒಮ್ಮೆ ಅವನ ಬೆಂಚಿನ ಜೊತೆಗಾರ ತಾನಾಗಿಯೇ ಬಂದು ಎರಡು ಬೆರಳು ಚಾಚಿ ನಿಂತಾಗ ಇವನು ಆ ಬೆರಳುಗಳನ್ನೇ ನೋಡುತ್ತ ಕುಳಿತ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ; ಮುಂದೆ ಏನು ಮಾಡಬೇಕೆಂದು ತಿಳಿಯದವನ ಕಕ್ಕಾಬಿಕ್ಕಿ ಇತ್ತು. ಜೊತೆಗಾರ ಸ್ವಲ್ಪ ಹೊತ್ತು ಕಾದು ಆಡಲು ಹೋದ. ಈ ಹುಡುಗನ ತಾಯಿ ಒಂದು ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ‘ನಮ್ಮ ಮನೆಯಲ್ಲಿ ಜಗಳ ಅಂತ ಏನೂ ಇಲ್ಲ ಟೀಚರ್, ನಾವು ಮಾತಾಡೋದೇ ಇಲ್ಲ’ ಎಂದರು.

ಈ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ. ಆಮೇಲೆ, ಮಕ್ಕಳ ಮನಸ್ಸಿನ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಲು ತೊಡಗಿದಾಗ, ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಕ್ ಕಮಿಂಗ್ಸ್ ಮತ್ತು ಅವರ ಸಂಗಡಿಗರು ನಡೆಸಿದ ಪ್ರಯೋಗಗಳ ವಿವರ ಸಿಕ್ಕಿತು. ಅವರು ದೊಡ್ಡವರಿಬ್ಬರ ಜಗಳದ ದೃಶ್ಯಗಳನ್ನು ಮಕ್ಕಳಿಗೆ ವಿಡಿಯೋದಲ್ಲಿ ತೋರಿಸುತ್ತಿದ್ದರು. ಕೆಲವು ಜಗಳಗಳು ರಾಜಿಯಲ್ಲಿ ಮುಗಿಯುತ್ತಿದ್ದವು, ಕೆಲವು ಅರ್ಧದಲ್ಲೇ ನಿಲ್ಲುತ್ತಿದ್ದವು, ಇನ್ನು ಕೆಲವದರಲ್ಲಿ ದೊಡ್ಡವರು ಮಾತೇ ಆಡದೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ರಾಜಿಯಾದ ಜಗಳ ನೋಡಿದ ಮಕ್ಕಳ ಕಳವಳ ಬಹಳ ಕಡಿಮೆಯಾಗಿತ್ತು. ಮಾತಿಲ್ಲದ ಮುನಿಸು ಕೂಗಾಟದಂತೆಯೇ ಮಕ್ಕಳನ್ನು ಕದಡುತ್ತಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ: ರಾಜಿಯನ್ನು ಕಣ್ಣಾರೆ ಕಾಣದಿದ್ದರೂ, ಬಾಗಿಲ ಹಿಂದೆ ಅದು ಸರಿಹೋಯಿತೆಂದು ಆಮೇಲೆ ತಿಳಿದರೂ ಸಾಕು, ಮಕ್ಕಳಿಗೆ ಬಹಳಷ್ಟು ನಿರಾಳವಾಗುತ್ತಿತ್ತು. ಒಂದು ಮಾತು ಸಾಕಿತ್ತು. ನಮ್ಮ ಖೋಲಿಯಲ್ಲಿ ಆ ಒಂದು ಮಾತನ್ನು ಯಾರೂ ಹೇಳಲಿಲ್ಲ, ಹೇಳಬೇಕೆಂದು ಆ ಕಾಲದಲ್ಲಿ ಯಾರಿಗೆ ತಾನೆ ಹೊಳೆದೀತು?

ಎಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ಮಾಡಿದ ಪ್ರಯೋಗವೂ ಇದಕ್ಕೆ ಹತ್ತಿರದ್ದೇ. ಮಗುವಿನೊಡನೆ ಆಡುತ್ತಿದ್ದ ತಾಯಿ ಕೆಲವು ನಿಮಿಷ ಮುಖವನ್ನು ನಿಶ್ಚಲವಾಗಿಟ್ಟುಕೊಂಡು ಕೂರುತ್ತಾಳೆ. ಮಗು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ, ಏನು ಮಾಡಿದರೂ ಫಲವಿಲ್ಲವೆಂದು ತಿಳಿದಾಗ ಮುಖ ಹೊರಳಿಸಿ ಕುಗ್ಗಿ ಕೂರುತ್ತದೆ. ಈ ಪ್ರಯೋಗ ಹಲವರಿಗೆ ಗೊತ್ತು. ಅಷ್ಟಾಗಿ ಯಾರೂ ಹೇಳದಿರುವುದು ಅವರ ಮುಂದಿನ ಕೆಲಸವನ್ನು: ಎಲ್ಲ ಸರಿಯಾಗಿರುವ ತಾಯಿ ಮಕ್ಕಳಲ್ಲಿಯೂ ಇಬ್ಬರ ಭಾವ ಒಂದಕ್ಕೊಂದು ಕೂಡಿಕೊಂಡಿರುವುದು ಸುಮಾರು ನೂರರಲ್ಲಿ ಮೂವತ್ತು ಪಾಲು ಹೊತ್ತು ಮಾತ್ರ. ಉಳಿದದ್ದೆಲ್ಲ ತಪ್ಪುವುದು, ಮತ್ತೆ ಕೂಡಿಕೊಳ್ಳುವುದು. ಕೂಡಿಕೊಳ್ಳುವುದನ್ನು ದಿನಕ್ಕೆ ನೂರಾರು ಸಲ ಅನುಭವಿಸಿದ ಮಗುವಿಗೆ, ತಪ್ಪಿದ್ದು ಸರಿಹೋಗುತ್ತದೆ ಎಂಬ ಭರವಸೆ ಮಾತು ಬರುವುದಕ್ಕಿಂತ ಮೊದಲೇ ಮೈಗೂಡಿರುತ್ತದೆ. ಆ ಭರವಸೆಯನ್ನೇ ಅದು ಶಾಲೆಗೆ, ಆಟದ ಮೈದಾನಕ್ಕೆ, ಬೆಂಚಿನ ಜೊತೆಗಾರನ ಹತ್ತಿರಕ್ಕೆ ಒಯ್ಯುತ್ತದೆ. ಭಾವನಾತ್ಮಕ ಹೊಂದಾಣಿಕೆ, ಸಾಮಾಜಿಕ ಹೊಂದಾಣಿಕೆ ಎಂದು ಪುಸ್ತಕಗಳು ಎರಡಾಗಿ ವಿಂಗಡಿಸುವುದನ್ನು ತರಗತಿಯಲ್ಲಿ ನಾನು ಎರಡಾಗಿ ಕಂಡದ್ದೇ ಇಲ್ಲ.

ಇಷ್ಟೆಲ್ಲ ಓದುವ ಮೊದಲು ನನ್ನ ಮನೆಯಲ್ಲಿ ನಡೆದದ್ದನ್ನು ಹೇಳಬೇಕು. ಮದುವೆಯಾಗಿ ನಾವು ಮುಂಬಯಿಯ ಹೊರವಲಯದ ಡೊಂಬಿವಲಿಗೆ ಬಂದೆವು. ಚಾಳಿನ ಜಗಳಗಳನ್ನು ಕೇಳಿ ಬೆಳೆದ ನಾನು ನನ್ನ ಮಗನ ಎದುರು ಎಂದೂ ದನಿ ಏರಿಸುವುದಿಲ್ಲವೆಂದು ನಿಶ್ಚಯಿಸಿದ್ದೆ. ದನಿ ಏರಿಸಲಿಲ್ಲ. ಬದಲಿಗೆ ಮಾತು ಬಿಡುತ್ತಿದ್ದೆ. ಒಮ್ಮೆ, ಮಗನಿಗೆ ಒಂಬತ್ತು ವರ್ಷವಾಗಿದ್ದಾಗ, ನಾನೂ ನನ್ನ ಯಜಮಾನರೂ ಸುಮಾರು ಒಂದು ವಾರ ಮಾತಾಡಲಿಲ್ಲ. ನಮ್ಮಿಬ್ಬರ ನಡುವಿನ ವ್ಯವಹಾರವೆಲ್ಲ ಮಗನ ಮೂಲಕ. ‘ನಿಮ್ಮಪ್ಪನಿಗೆ ಹೇಳು, ಬೇಕಿದ್ದರೆ ಉಣ್ಣಲಿ’ ಎಂದು ನಾನು ಅಡುಗೆಮನೆಯಿಂದ ಹೇಳುತ್ತಿದ್ದೆ. ಆರನೆಯ ದಿನವೋ ಏಳನೆಯ ದಿನವೋ ಅವನ ಹಿಂದೆಯೇ ನಾಲ್ಕು ಹೆಜ್ಜೆ ಬಂದವಳಿಗೆ ಅವನು ತಂದೆಗೆ ಹೇಳುತ್ತಿದ್ದದ್ದು ಕೇಳಿಸಿತು: ‘ಅಪ್ಪಾ, ಅಮ್ಮ ಊಟಕ್ಕೆ ಕರೀತಿದ್ದಾಳೆ, ನಿಮಗಿಷ್ಟ ಅಂತ ಹುರುಳಿ ಸಾರು ಮಾಡಿದ್ದಾಳೆ.’ ಹುರುಳಿ ಸಾರು ಮಾಡಿದ್ದು ನಿಜ. ಉಳಿದದ್ದು ಅವನು ಕಟ್ಟಿದ್ದು. ಅವರು ಒಳಗಿಂದ ಗೊಣಗಿದ್ದನ್ನು ಅವನು ನನಗೆ ತಂದೊಪ್ಪಿಸಿದಾಗ ಅದೂ ಹಾಗೆಯೇ ಮೆತ್ತಗಾಗಿತ್ತು. ಒಂಬತ್ತು ವರ್ಷದ ಹುಡುಗ ಒಂದು ವಾರದಿಂದ ಇಬ್ಬರು ದೊಡ್ಡವರ ಕಹಿಯನ್ನು ತನ್ನ ಬಾಯಲ್ಲಿ ಸಿಹಿ ಮಾಡಿ ದಾಟಿಸುತ್ತಿದ್ದ. ಆ ದಿನಗಳಲ್ಲಿ ಅವನಿಗೆ ಹೊಟ್ಟೆನೋವು. ಡಾಕ್ಟರು ಜಂತುವಿನ ಔಷಧ ಕೊಟ್ಟಿದ್ದರು.

ಶಾಲೆಯಲ್ಲಿ ಇಂಥ ಮಕ್ಕಳನ್ನು ‘ಬಹಳ ಒಳ್ಳೆಯ ಮಗು’ ಎಂದು ನಾವೇ ಹೊಗಳುತ್ತೇವೆ. ಹೊಡೆಯುವ, ಕಿರುಚುವ ಮಗುವಿನ ಕಡೆಗೆ ಎಲ್ಲರ ಗಮನ ಹೋಗುತ್ತದೆ. ಟೀಚರಿನ ಮುಖ ಸ್ವಲ್ಪ ಬಾಡಿದರೆ ತನ್ನದೇ ತಪ್ಪೆಂದು ಬೆಚ್ಚುವ, ಯಾರೂ ಜಗಳವಾಡದಂತೆ ತನ್ನ ಪಾಲಿನ ಚಿಕ್ಕಿಯನ್ನು ಹಂಚಿಬಿಡುವ ಮಗುವಿನ ಕಡೆಗೆ ಹೋಗುವುದಿಲ್ಲ. ನನ್ನ ಮಗನ ತರಗತಿ ಶಿಕ್ಷಕಿ ಆ ವರ್ಷ ಅವನ ಪ್ರಗತಿಪತ್ರದಲ್ಲಿ ಬರೆದದ್ದೂ ‘ಬಹಳ ಒಳ್ಳೆಯ ಮಗು’ ಎಂದೇ. ನಾನು ಹೆಮ್ಮೆಯಿಂದ ಸಹಿ ಹಾಕಿದ್ದೆ.

ಚಾಳಿನ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಅಲ್ಲಿ ಜಗಳ ಎಲ್ಲರಿಗೂ ಕೇಳಿಸುತ್ತಿತ್ತು, ಆದರೆ ಎಲ್ಲರ ಬಾಗಿಲೂ ತೆರೆದಿರುತ್ತಿತ್ತು. ಅಮ್ಮನ ಮುಖ ಸರಿಯಿಲ್ಲದ ಬೆಳಿಗ್ಗೆ ನಾನು ಪಕ್ಕದ ಖೋಲಿಗೆ ಹೋಗಿ ದೊಡ್ಡಮ್ಮನ ಬೆನ್ನಿಗೊರಗಿ ಕೂತರೆ ಅವರು ಏನನ್ನೂ ಕೇಳದೆ ಕಾಯಿ ತುರಿಯುತ್ತಲೇ ನನ್ನ ಬಾಯಿಗೊಂದು ಚಿಟಿಕೆ ತುರಿ ಹಾಕುತ್ತಿದ್ದರು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಸಂಗಡಿಗರು ಅವರ ನಡುವಯಸ್ಸಿನವರೆಗೆ ಗಮನಿಸಿದರು. ಬಡತನ, ಮನೆಯ ಕಲಹ, ತಂದೆ ತಾಯಿಯ ಕಾಯಿಲೆ ಮುಂತಾದ ಹಲವು ಕಷ್ಟಗಳ ನಡುವೆ ಬೆಳೆದವರಲ್ಲಿ ಸುಮಾರು ಮೂರನೆಯ ಒಂದು ಪಾಲು ಮಕ್ಕಳು ಗಟ್ಟಿಯಾದ, ಅಕ್ಕರೆಯುಳ್ಳ ದೊಡ್ಡವರಾದರು; ಅವರಿಗೆಲ್ಲ ಅಜ್ಜಿಯೋ ಚಿಕ್ಕಮ್ಮನೋ ನೆರೆಯವರೋ ಶಿಕ್ಷಕರೋ, ನೆಚ್ಚಿಕೊಳ್ಳಬಹುದಾದ ಒಬ್ಬರಾದರೂ ಇದ್ದರು. ಅದನ್ನು ಓದಿದಾಗ ನನಗೆ ತೆಂಗಿನ ತುರಿಯ ರುಚಿ ನೆನಪಾಯಿತು. ಡೊಂಬಿವಲಿಯ ನಮ್ಮ ಫ್ಲ್ಯಾಟಿನಲ್ಲಿ ನನ್ನ ಮಗನಿಗೆ ಹಾಗೆ ಹೋಗಿ ಕೂರಲು ಎರಡನೆಯ ಬಾಗಿಲು ಇರಲಿಲ್ಲ. ಅಜ್ಜಿಯರಿಬ್ಬರೂ ಊರಿನಲ್ಲಿದ್ದರು; ಕೊಂಕಣ ರೈಲು ಬಂದು ಪ್ರಯಾಣ ಹಗುರಾಗಿದ್ದರೂ ನಮ್ಮ ಪಾಲಿಗೆ ಊರು ಎಂದರೆ ಮೇ ತಿಂಗಳು ಮಾತ್ರ.

ಹೊಡೆತ ಬಡಿತಗಳಿರುವ ಮನೆಗೆ ನಾನು ಬರೆದ ಯಾವುದೂ ಅನ್ವಯಿಸುವುದಿಲ್ಲ. ಅಲ್ಲಿ ರಾಜಿಯೆಂಬುದು ಮುಂದಿನ ಹೊಡೆತದವರೆಗಿನ ಬಿಡುವು ಅಷ್ಟೇ, ಮಗು ಅದನ್ನು ನಂಬುವುದಿಲ್ಲ, ನಂಬಬಾರದು ಕೂಡ. ಅಲ್ಲಿ ಬೇಕಾದದ್ದು ರಕ್ಷಣೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಇದೆ, ಮಕ್ಕಳಿಗಾಗಿ 1098 ಇದೆ; ಈ ಸಹಾಯವಾಣಿ 1996ರಲ್ಲಿ ಶುರುವಾದದ್ದು ಇದೇ ಮುಂಬಯಿಯಲ್ಲಿ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ. ನನ್ನ ತರಗತಿಯ ಗೋಡೆಯ ಮೇಲೆ ಆ ಸಂಖ್ಯೆಯನ್ನು ಮಗ್ಗಿಯ ಪಕ್ಕದಲ್ಲಿ ಬರೆದಿಟ್ಟಿದ್ದೆ.

ಉಳಿದ ಮನೆಗಳು, ಅಂದರೆ ದುಡ್ಡಿಗೆ, ನೆಂಟರಿಗೆ, ಲೋಕಲ್ ಗಾಡಿಯ ಆಯಾಸಕ್ಕೆ ಜಗಳವಾಡುವ ನಮ್ಮಂಥ ಸಾಮಾನ್ಯ ಮನೆಗಳು, ನನ್ನ ಮನಸ್ಸಿನಲ್ಲಿವೆ. ಜಗಳ ಸರಿಹೋದದ್ದನ್ನು ಮಕ್ಕಳಿಗೂ ತಿಳಿಸಬೇಕೆಂದು ಪಾಲಕರ ಸಭೆಯಲ್ಲಿ ನಾನು ಮಾತೆತ್ತಿದಾಗ ಒಬ್ಬ ತಂದೆ, ‘ಮಕ್ಕಳೆದುರು ತಪ್ಪೊಪ್ಪಿಕೊಂಡರೆ ನಾಳೆ ಅವರು ನಮ್ಮ ಮಾತು ಕೇಳುತ್ತಾರೆಯೇ?’ ಎಂದು ಕೇಳಿದರು. ಪ್ರಾಮಾಣಿಕವಾದ ಪ್ರಶ್ನೆ ಅದು. ನಮ್ಮ ಮನೆಗಳಲ್ಲಿ ತಂದೆಯ ಗೌರವ ಎಂಬುದು ಅವರು ಸೋಲದಿರುವುದರ ಮೇಲೆ ನಿಂತಿದೆ. ನನ್ನಲ್ಲಿ ಇದ್ದ ಉತ್ತರ ನನ್ನ ಮನೆಯದೊಂದೇ, ಅದನ್ನೇ ಅವರಿಗೆ ಹೇಳಿದೆ.

ಹುರುಳಿ ಸಾರಿನ ಆ ರಾತ್ರಿ ಮಗ ಮಲಗಿದ ಮೇಲೆ ನಾವಿಬ್ಬರೂ ಬಹಳ ಹೊತ್ತು ಮಾತಾಡಿದೆವು. ಬೆಳಿಗ್ಗೆ ಯಜಮಾನರು ಗಾಡಿಯ ಹೊತ್ತಾಗುತ್ತಿದ್ದರೂ ಬ್ಯಾಗನ್ನು ಕೆಳಗಿಟ್ಟು, ದೋಸೆ ತಿನ್ನುತ್ತಿದ್ದ ಮಗನ ಎದುರು ಕುಕ್ಕರುಗಾಲಲ್ಲಿ ಕೂತು, ‘ನಾನೂ ಅಮ್ಮನೂ ಇಷ್ಟು ದಿನ ಮುನಿಸಿಕೊಂಡಿದ್ದೆವು. ನಿನ್ನೆ ರಾತ್ರಿ ಮಾತಾಡಿದೆವು, ಈಗ ಸರಿಯಾಗಿದೆ. ಇನ್ನು ಮೇಲೆ ನೀನು ಮಾತು ತಂದುಕೊಡುವುದು ಬೇಡ’ ಎಂದರು. ಮಗ ಏನೂ ಹೇಳಲಿಲ್ಲ. ನನ್ನ ಮುಖ ನೋಡಿದ, ಅಪ್ಪನ ಮುಖ ನೋಡಿದ, ಇನ್ನೊಂದು ದೋಸೆ ಬೇಕೆಂದ.

ಶಾಲೆಗೆ ಹೊರಟವನು ಪ್ರತಿದಿನ ಕಟ್ಟಡದ ಗೇಟಿನ ಹತ್ತಿರ ನಿಂತು ತಿರುಗಿ ನಮ್ಮ ಗ್ಯಾಲರಿಯ ಕಡೆ ನೋಡುತ್ತಿದ್ದ, ತಿರುವಿನಲ್ಲಿ ಮತ್ತೊಮ್ಮೆ ನೋಡುತ್ತಿದ್ದ. ಅದು ತಾಯಿಯ ಮೇಲಿನ ಪ್ರೀತಿ ಎಂದೇ ನಾನು ತಿಳಿದಿದ್ದೆ. ಆ ದಿನವೂ ಕೈಬೀಸಲೆಂದು ಹಸಿ ಕೈಯಲ್ಲೇ ಓಡಿಬಂದು ನಿಂತೆ. ಗೇಟಿನಾಚೆ ಅವನ ಗೆಳೆಯರು ಕಾಯುತ್ತಿದ್ದರು. ಅವನು ಚೀಲ ಕುಣಿಸುತ್ತ ಓಡಿಹೋಗಿ ಅವರನ್ನು ಸೇರಿಕೊಂಡ, ಒಮ್ಮೆಯೂ ತಿರುಗಿ ನೋಡಲಿಲ್ಲ.